ಬಣ್ಣ ಕಾಣದ ಗೊಂಬೆಗಳ ರಾಶಿ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಲಕ್ಷಣ ಹೀಗಿರುತ್ತದೆ. ಕಪಾಟಿನ ಕೆಳಗಿನ ಎರಡು ಖಾನೆಗಳಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ಕು ತುಂಬಿಕೊಂಡಿದೆ. ಮೇಜಿನ ಮೇಲೆ ಅರ್ಧ ಬಣ್ಣ ಕಂಡ ಸೈನಿಕರು ಧೂಳು ಹಿಡಿದು ನಿಂತಿದ್ದಾರೆ. ಪ್ರತಿ ಭಾನುವಾರ ಕುರ್ಚಿ ಎಳೆದುಕೊಂಡು ಕೂರುತ್ತೀರಿ, ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುತ್ತೀರಿ, ಕೊನೆಗೆ ಬ್ರಷ್ ತೊಳೆದಿಟ್ಟು ಏಳುತ್ತೀರಿ. ಮುಗಿದದ್ದು ಒಂದೂ ಇಲ್ಲ. ಅಷ್ಟರಲ್ಲಿ ಕೊರಿಯರ್‌ನವನು ಇನ್ನೊಂದು ಪೆಟ್ಟಿಗೆ ತಂದು ಬಾಗಿಲಲ್ಲಿ ನಿಲ್ಲುತ್ತಾನೆ.

ವಾರ್‌ಹ್ಯಾಮರ್‌ನಂಥ ಮೇಜಿನಾಟಗಳ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚುವವರು ಈ ರಾಶಿಯನ್ನು ‘ನಾಚಿಕೆಯ ಗುಡ್ಡೆ’ ಎನ್ನುತ್ತಾರೆ. ಹೆಸರು ನನಗೆ ಹಿಡಿಸುವುದಿಲ್ಲ. ನಾಚಿಕೆಪಟ್ಟವನು ರಾಶಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನೋಡದೆ ರಿಪೇರಿ ಆಗುವುದಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಪ್ಲಂಬರ್ ನಿಮ್ಮ ಸೋಮಾರಿತನದ ಬಗ್ಗೆ ವಿಚಾರಿಸುತ್ತಾನೆಯೇ? ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪಿನ ಜಾಡು ಹಿಡಿದು ಬರುತ್ತಾನೆ, ಕಟ್ಟಿಕೊಂಡ ಜಾಗವನ್ನು ತಟ್ಟಿ ನೋಡಿ ಹೇಳುತ್ತಾನೆ. ಈ ಬರಹವೂ ಅಷ್ಟನ್ನೇ ಮಾಡುತ್ತದೆ.

ಒಂದು ಮಾತು: ನಮ್ಮ ಮನೆಯಲ್ಲಿ ಇವನ್ನು ಯಾರೂ ಮಿನಿಯೇಚರ್ ಎನ್ನುವುದಿಲ್ಲ, ಗೊಂಬೆ ಎನ್ನುತ್ತಾರೆ. ಹೆಚ್ಚು ಕಡಿಮೆ 28ರಿಂದ 32 ಮಿಲಿಮೀಟರ್ ಎತ್ತರದ, ಅಂದರೆ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು ಆಳಿಗೆ ಗೊಂಬೆ ಎಂಬ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಮುಂದೆಯೂ ಹಾಗೆಯೇ ಬರೆಯುತ್ತೇನೆ.

ಮೊದಲ ತಪಾಸಣೆ: ಎಣಿಕೆ

ಎಲ್ಲವನ್ನೂ ಹೊರಗೆ ತೆಗೆಯಿರಿ. ನೆಲದ ಮೇಲೆ ಹಳೆಯ ದಿನಪತ್ರಿಕೆಯ ಐದು ಹಾಳೆ ಹಾಸಿ. ಗೊಂಬೆಗಳನ್ನು ಸೈನ್ಯದ ಪ್ರಕಾರವಾಗಲಿ, ಪೆಟ್ಟಿಗೆಯ ಪ್ರಕಾರವಾಗಲಿ ವಿಂಗಡಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂಬುದರ ಪ್ರಕಾರ ವಿಂಗಡಿಸಿ. ಮೊದಲ ಹಾಳೆಯಲ್ಲಿ, ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಇನ್ನೂ ಕತ್ತರಿಸದವು. ಎರಡನೆಯದರಲ್ಲಿ ಅಂಟಿಸಿ ಜೋಡಿಸಿದ್ದರೂ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ, ಕಾಣದವು. ಮೂರನೆಯದರಲ್ಲಿ ಪ್ರೈಮರ್ ಮಾತ್ರ ಆದವು, ನಾಲ್ಕನೆಯದರಲ್ಲಿ ಬಣ್ಣ ಅರ್ಧಕ್ಕೆ ನಿಂತವು, ಐದನೆಯದರಲ್ಲಿ ಬೇಸ್ (ಗೊಂಬೆಯ ಕಾಲಡಿಯ ಬಿಲ್ಲೆ) ಮತ್ತು ವಾರ್ನಿಷ್ ಮಾತ್ರ ಬಾಕಿ ಉಳಿದವು.

ಕಳೆದ ಜೂನ್ ಮೊದಲ ವಾರ ನಾನು ಎಣಿಸಿದಾಗ ಸಿಕ್ಕ ಲೆಕ್ಕ ಇದು: ಕ್ರಮವಾಗಿ 34, 41, 6, 29, 8. ಒಟ್ಟು 118.

ಒಟ್ಟು ಸಂಖ್ಯೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಂತಗಳ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎರಡನೆಯದು 41, ಮೂರನೆಯದು ಬರೀ 6. ಜೋಡಣೆ ಮುಗಿದ ಗೊಂಬೆಗಳು ಪ್ರೈಮರ್‌ನ ಬಾಗಿಲಲ್ಲಿ ಸರತಿ ನಿಂತಿವೆ, ಒಳಗೆ ಹೋಗುತ್ತಿಲ್ಲ. ಮತ್ತೆ ಮೂರರಿಂದ ನಾಲ್ಕಕ್ಕೆ ಬಂದವು 29ರಷ್ಟು ಉಬ್ಬಿಕೊಂಡಿವೆ. ಪೈಪು ಎರಡು ಕಡೆ ಕಟ್ಟಿದೆ. ಎರಡಕ್ಕೂ ಒಂದೇ ಮದ್ದು ಕೆಲಸ ಮಾಡುವುದಿಲ್ಲ. ‘ದಿನಾ ಅರ್ಧ ಗಂಟೆ ಕುಳಿತುಕೊಳ್ಳಿ’ ಎಂಬ ಜನಪ್ರಿಯ ಸಲಹೆ ನನ್ನ ವಿಷಯದಲ್ಲಿ ವಿಫಲವಾಗುತ್ತಲೇ ಬಂದದ್ದು ಅದಕ್ಕೇ. ದಿನಾ ಅರ್ಧ ಗಂಟೆ ಕುಳಿತು ನಾನು ಮಾಡುತ್ತಿದ್ದದ್ದು ಇನ್ನಷ್ಟು ಗೊಂಬೆಗಳನ್ನು ಜೋಡಿಸಿ ಆ ಸರತಿಯನ್ನು ಉದ್ದ ಮಾಡುವುದು.

ನಿಮ್ಮ ಎಣಿಕೆಯಲ್ಲಿ ಉಬ್ಬು ಬೇರೆಡೆ ಇರಬಹುದು. ಉಬ್ಬು ಇರುವ ಹಂತದ ಮುಂದಿನ ಹೆಜ್ಜೆಯಲ್ಲೇ ದೋಷ ಇದೆ ಎಂದು ಹಿಡಿದುಕೊಂಡು ಮುಂದೆ ಓದಿ.

ಪ್ರೈಮರ್‌ನ ಬಾಗಿಲು

ನಾನು ಇರುವುದು ಮಂಗಳೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಸ್ಪ್ರೇ ಪ್ರೈಮರ್ ಒಣಗುವುದೆಲ್ಲಿ ಬಂತು. ಮೂರು ವರ್ಷದ ಹಿಂದೆ, ಆಟಿ ತಿಂಗಳ ಒಂದು ಮಧ್ಯಾಹ್ನ ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತೆಂದು ಸಿಟೌಟಿನಲ್ಲಿ ಹತ್ತು ಗೊಂಬೆಗಳನ್ನು ರಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ ಕಪ್ಪು ಪ್ರೈಮರ್ ಹೊಡೆದೆ. ಹೊಡೆದಾಗ ಚೆನ್ನಾಗಿಯೇ ಇತ್ತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಭುಜದ ಮೇಲೆ, ಶಿರಸ್ತ್ರಾಣದ ನೆತ್ತಿಯ ಮೇಲೆ ಯಾರೋ ವಿಭೂತಿ ಉದುರಿಸಿದಂತೆ ಬೆಳ್ಳಗಾಗಿತ್ತು. ಒರೆಸಿದರೆ ಹೋಗಲಿಲ್ಲ. ಅಂದಿನಿಂದ ಡಬ್ಬಿ ಮುಟ್ಟಲು ಹೆದರಿಕೆ. ಮಳೆಗಾಲದ ಸಂಜೆಗಳಲ್ಲಿ ಜೋಡಣೆ ಸಾಗುತ್ತಿತ್ತು, ಡಿಸೆಂಬರ್ ಬಂದಾಗ ಊರು, ಮದುವೆ, ಪ್ರಯಾಣ. 41 ಆದದ್ದು ಹೀಗೆ.

ಸ್ಪ್ರೇ ಕೆಟ್ಟಾಗ ಎರಡು ಬಗೆಯಲ್ಲಿ ಕೆಡುತ್ತದೆ. ಎರಡಕ್ಕೂ ಕಾರಣ ಬೇರೆ ಬೇರೆಯಾದ್ದರಿಂದ ಭೂತಗನ್ನಡಿ ಹಿಡಿದು ನೋಡಬೇಕು.

ಮೇಲ್ಮೈ ನುಣುಪಾಗಿಯೇ ಇದ್ದು ಬಣ್ಣ ಮಾತ್ರ ಮಂಜು ಕವಿದಂತೆ ಬೆಳ್ಳಗಾಗಿದ್ದರೆ ಅದು ತೇವದ ಕೆಲಸ. ಸ್ಪ್ರೇಯಲ್ಲಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿನ ತೇವ ಅಲ್ಲಿ ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಬೀಳುತ್ತದೆ. ಇನ್ನೊಂದು ಬಗೆಯಲ್ಲಿ ಉಗುರು ಆಡಿಸಿದಾಗ ಸಣ್ಣ ರವೆ ಮುಟ್ಟಿದಂತೆ ಒರಟು ತಾಗುತ್ತದೆ. ಅದು ಸೆಕೆಯ ಅಥವಾ ದೂರದ ಕೆಲಸ: ಹನಿಗಳು ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಬಂದು ಕೂತಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮೊಣಕೈ ಉದ್ದಕ್ಕಿಂತ ದೂರದಿಂದ ಹೊಡೆದವರಿಗೆ ಇದು ಗೊತ್ತು. 20ರಿಂದ 30 ಸೆಂಟಿಮೀಟರ್ ದೂರ, ಗೊಂಬೆಯ ಆಚೆಯಿಂದ ಶುರುಮಾಡಿ ಈಚೆಗೆ ದಾಟಿಸುವ ಸಣ್ಣ ಬೀಸುಗಳು: ಇಷ್ಟನ್ನು ಪಾಲಿಸಿದರೆ ರವೆ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಮಂಜಿಗೆ ಕೈಚಳಕದಿಂದ ಪರಿಹಾರವಿಲ್ಲ. ನಾಲ್ಕು ಕಾಸು ಉಳಿಸುವ ಆಸೆ ಬಿಟ್ಟು ಗೋಡೆಗೆ ಒಂದು ಆರ್ದ್ರತೆ ಮಾಪಕ ತೂಗುಹಾಕಿ. ಮುಳ್ಳು ಶೇಕಡಾ 70 ದಾಟಿದರೆ ನಾನು ಡಬ್ಬಿಯನ್ನು ಕಪಾಟಿನಿಂದ ಇಳಿಸುವುದೇ ಇಲ್ಲ.

ಹಾಗಾದರೆ ನಾಲ್ಕು ತಿಂಗಳು ಸುಮ್ಮನಿರುವುದೇ? ಅಗತ್ಯವಿಲ್ಲ. ಬ್ರಷ್‌ನಿಂದ ಹಚ್ಚುವ ಪ್ರೈಮರ್ ಇದೆ. ಸ್ಪೇನಿನ ವಯೆಹೊ ಕಂಪನಿಯ ಪಾಲಿಯುರೆಥೇನ್ ಪ್ರೈಮರ್ ಅಂಥದ್ದು. ನೀರು ಬೆರೆಸುವುದು ಬೇಡ. ಅಗಲ ಬ್ರಷ್‌ನಿಂದ ತೆಳುವಾಗಿ ಹಚ್ಚಿ, ಕಂಕುಳು, ಬೆಲ್ಟಿನ ಸಂದುಗಳಲ್ಲಿ ಮಡುಗಟ್ಟಿದ್ದನ್ನು ಒಣ ಬ್ರಷ್‌ನಿಂದ ಹೀರಿಕೊಳ್ಳಿ. ಹಚ್ಚಿದಾಗ ಗಾಬರಿಯಾಗುವಷ್ಟು ದಪ್ಪ ಕಾಣುತ್ತದೆ. ಒಣಗುತ್ತಾ ಬಿಗಿದುಕೊಂಡು ಗೊಂಬೆಯ ಮೈಗೆ ಅಂಟುತ್ತದೆ. ಒಂದು ದಿನ ಮುಟ್ಟಬೇಡಿ, ಮಳೆಗಾಲದಲ್ಲಿ ಎರಡು ದಿನ. ಅವಸರದಲ್ಲಿ ಉಗುರು ತಾಗಿಸಿದರೆ ಹಾಲಿನ ಕೆನೆಯಂತೆ ಇಡೀ ಪದರವೇ ಎದ್ದು ಬರುತ್ತದೆ. ಐದು ಗೊಂಬೆಗಳಿಗೆ ನನಗೆ ಇಪ್ಪತ್ತು ನಿಮಿಷ ಸಾಕಾಗುತ್ತದೆ. ಸ್ಪ್ರೇಗೆ ಬೇಕಾದದ್ದು ಎರಡು ನಿಮಿಷ, ನಿಜ, ಆದರೆ ಆ ಎರಡು ನಿಮಿಷಕ್ಕಾಗಿ ನಾನು ಮೂರು ವರ್ಷ ಕಾದಿದ್ದೆ.

ರೆಸಿನ್ ಗೊಂಬೆಗಳ ಮೇಲೆ ಎಷ್ಟು ಒಣಗಿಸಿದರೂ ಪದರ ಸಿಪ್ಪೆಯಂತೆ ಏಳುತ್ತಿದ್ದರೆ ಪ್ರೈಮರ್‌ನ ಮೇಲೆ ತಪ್ಪು ಹೊರಿಸಬೇಡಿ. ಅಚ್ಚಿನ ಜಿಡ್ಡನ್ನು ತೊಳೆದಿಲ್ಲ, ಅಥವಾ ಮನೆಯ 3ಡಿ ಮುದ್ರಕದಲ್ಲಿ ತೆಗೆದದ್ದಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಮಾಡಿಲ್ಲ. ಮುಟ್ಟಿದರೆ ಅಂಟಂಟು ಎನಿಸುವ ರೆಸಿನ್ ಮೇಲೆ ಯಾವ ಬಣ್ಣವೂ ನಿಲ್ಲದು, ಅದನ್ನು ಬರಿಗೈಯಲ್ಲಿ ಮುಟ್ಟುವುದೂ ಸರಿಯಲ್ಲ.

ಇನ್ನು ಮಂಜು ಕವಿದ ಆ ಹತ್ತು ಗೊಂಬೆಗಳು (ಎಣಿಸುವಾಗ ಇವನ್ನು ಪ್ರೈಮರ್ ಕಾಣದ 41ರಲ್ಲೇ ಸೇರಿಸಿದ್ದೆ). ಇದೇ ಮಂಜು ಬಣ್ಣವೆಲ್ಲ ಮುಗಿದ ಮೇಲೆ ವಾರ್ನಿಷ್‌ನಲ್ಲಿ ಬಂದಿದ್ದರೆ ಹೊಳಪಿನ ವಾರ್ನಿಷ್ ಅನ್ನು ಬ್ರಷ್‌ನಿಂದ ಹಚ್ಚಿ ಪಾರದರ್ಶಕತೆ ಮರಳಿಸಬಹುದು, ಒಣಗಿದ ಮೇಲೆ ಮತ್ತೆ ಮ್ಯಾಟ್ ಹಚ್ಚಬಹುದು. ಪ್ರೈಮರ್ ಹಂತದಲ್ಲಾದರೆ ಅಷ್ಟು ಒದ್ದಾಡುವ ಬದಲು ತೆಗೆದುಹಾಕುವುದೇ ಲೇಸು. ಅದಕ್ಕೆ ಬೇಕಾದದ್ದು ಪ್ರತಿ ಮನೆಯ ಔಷಧಿ ಡಬ್ಬಿಯಲ್ಲಿದೆ: ಡೆಟಾಲ್. ಬ್ರಿಟನ್ನಿನ ಗೊಂಬೆ ಬಣ್ಣಗಾರರ ಹಳೆಯ ಉಪಾಯ ಇದು. ಪ್ಲಾಸ್ಟಿಕ್ ಗೊಂಬೆಗಳನ್ನು ನೀರು ಬೆರೆಸದ ಡೆಟಾಲ್‌ನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಕೈಗವಸು ತೊಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಉಜ್ಜುವಾಗ ಬ್ರಷ್ ಅದ್ದಬೇಕಾದದ್ದು ಡೆಟಾಲ್‌ನಲ್ಲೇ. ನಲ್ಲಿಯ ಕೆಳಗೆ ಹಿಡಿದಿರೋ, ಕೆಟ್ಟಿತು: ನೀರು ಸೇರಿದ ಕೂಡಲೇ ಸಡಿಲಗೊಂಡ ಬಣ್ಣ ಹಲಸಿನ ಮೇಣದಂತೆ ಅಂಟಾಗಿ ಬ್ರಷ್, ಗೊಂಬೆ, ಬೆರಳು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಬಣ್ಣವೆಲ್ಲ ಹೋದ ಮೇಲೆ ಪಾತ್ರೆ ಸೋಪಿನಿಂದ ತೊಳೆಯಿರಿ. ರೆಸಿನ್ ಗೊಂಬೆಗಳನ್ನು ಇದರಲ್ಲಿ ನೆನೆಹಾಕಬೇಡಿ, ಮೆತ್ತಗಾಗುವ ಅಪಾಯವಿದೆ. ಮನೆಯಿಡೀ ಆಸ್ಪತ್ರೆ ವಾರ್ಡಿನ ವಾಸನೆ ಬರುತ್ತದೆ. ಅದಕ್ಕೆ ಸಿಗುವ ಬೈಗುಳಕ್ಕೆ ನನ್ನಲ್ಲಿ ಉಪಾಯವಿಲ್ಲ.

ಅರ್ಧಕ್ಕೆ ನಿಂತ 29

ಈ ಹಾಳೆಯ ಗೊಂಬೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಬೇಕು: ಇದರ ಮೇಲಿನ ಕೊನೆಯ ಬಣ್ಣ ಯಾವುದು, ಮುಂದಿನದನ್ನು ಏಕೆ ಹಚ್ಚಲಿಲ್ಲ?

29ರಲ್ಲಿ 20 ಒಂದೇ ದಳ, ಎಲುಬುಗೂಡಿನ ಸೈನಿಕರು. ಮೂಳೆಗೆ ಬಣ್ಣ ಬಿದ್ದಿತ್ತು, ಗುರಾಣಿಗಳಲ್ಲಿ 12ಕ್ಕೆ ಬಿದ್ದಿತ್ತು, ಉಳಿದ 8 ಬರಿಯ ಪ್ರೈಮರ್. ಗುರಾಣಿಯದು ನೀಲಿಯೂ ಅಲ್ಲದ ಹಸಿರೂ ಅಲ್ಲದ, ಪಾಚಿ ಹಿಡಿದ ತಾಮ್ರದಂಥ ಬಣ್ಣ. ಹೇಗೆ ಬೆರೆಸಿದ್ದೆ? ನೆನಪಿಲ್ಲ. ಎಂಟು ಗುರಾಣಿಗಾಗಿ ಇಪ್ಪತ್ತು ಗೊಂಬೆಗಳು ಎರಡು ವರ್ಷ ನಿಂತಿದ್ದವು. ಕೇಳಿದರೆ ನಗು ಬರುವ ದೋಷ, ಆದರೆ ಅರ್ಧಕ್ಕೆ ನಿಂತ ದಳಗಳ ಅಡಿಯಲ್ಲಿ ಹುಡುಕಿದರೆ ಮತ್ತೆ ಮತ್ತೆ ಸಿಗುವುದು ಇದೇ, ಮರೆತುಹೋದ ಪಾಕ.

ಪಾಕವನ್ನು ಮರಳಿ ಪಡೆಯಲು ಚೌಕಟ್ಟಿನ ತುಂಡೊಂದಕ್ಕೆ ಅದೇ ಪ್ರೈಮರ್ ಹಚ್ಚಿ, ಅದರ ಮೇಲೆ ಅನುಮಾನದ ಮಿಶ್ರಣಗಳನ್ನು ಬೊಟ್ಟು ಬೊಟ್ಟಾಗಿ ಇಡಿ. ಹಸಿಯಿದ್ದಾಗ ಹೋಲಿಸಬೇಡಿ, ಆಕ್ರಿಲಿಕ್ ಒಣಗಿದಾಗ ಒಂದು ಮೆಟ್ಟಿಲು ಗಾಢವಾಗುತ್ತದೆ. ಒಣಗಿದ ಮೇಲೆ ಹಳೆಯ ಗುರಾಣಿಯ ಪಕ್ಕ ಹಿಡಿದು ನೋಡಿ, ಅದೂ ಕಿಟಕಿಯ ಬೆಳಕಿನಲ್ಲಿ. ನನಗೆ ಐದನೆಯ ಬೊಟ್ಟು ಹತ್ತಿರ ಬಂತು, ಪೂರ್ತಿ ಕೂಡಲಿಲ್ಲ. ಕೂಡಬೇಕಾಗಿಯೂ ಇಲ್ಲ. ಇಪ್ಪತ್ತೂ ಗುರಾಣಿಗಳ ಮೇಲೆ ತೆಳುವಾದ ಕಂದು ವಾಶ್ ಹರಿಯಬಿಟ್ಟೆ. ಸಂದುಗಳಿಗೆ ಇಳಿದ ಕಂದು ಹಳೆಯದು ಹೊಸದರ ನಡುವಿನ ಅಂತರವನ್ನು ನುಂಗಿಹಾಕಿತು. ಈಗ ಯಾವ ಎಂಟು ಹೊಸವು ಎಂದು ನನಗೇ ಗೊತ್ತಾಗುವುದಿಲ್ಲ. ಆ ದಿನದಿಂದ ಪ್ರತಿ ದಳದ ಮೊದಲ ಗೊಂಬೆಯ ಬೇಸ್ ಅಡಿಯಲ್ಲಿ ಬಣ್ಣಗಳ ಹೆಸರನ್ನು ಸಣ್ಣ ಮಾರ್ಕರ್‌ನಿಂದ ಬರೆಯುತ್ತೇನೆ. ನೋಟ್‌ಬುಕ್ ಕಳೆದುಹೋಗುತ್ತದೆ, ಗೊಂಬೆಯ ಅಂಗಾಲು ಎಲ್ಲಿಗೂ ಹೋಗುವುದಿಲ್ಲ.

ಉಳಿದ ಒಂಬತ್ತು ನಿಂತದ್ದು ಮುಖದ ಹತ್ತಿರ. ನನ್ನ ಕೈ ನಡುಗುತ್ತದೆ, ವಯಸ್ಸಾಯಿತು ಎಂದು ನಂಬಿಕೊಂಡಿದ್ದೆ. ಒಂದು ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ, ಎಮರ್ಜೆನ್ಸಿ ದೀಪದಲ್ಲಿ ಹಚ್ಚಿದ ಮುಖ ಅಷ್ಟೂ ದಿನಗಳಲ್ಲೇ ಚೆನ್ನಾಗಿ ಬಂತು. ಆಗ ಬುದ್ಧಿಗೆ ಹೊಳೆಯಿತು. ತಲೆಯ ಮೇಲೆ ಪೂರ್ತಿ ವೇಗದಲ್ಲಿ ತಿರುಗುವ ಫ್ಯಾನಿನ ಕೆಳಗೆ, ಟೈಲ್ಸ್ ತುಂಡಿನ ಮೇಲಿಟ್ಟ ಬಣ್ಣ ಒಂದು ನಿಮಿಷದಲ್ಲಿ ಕೆನೆಗಟ್ಟುತ್ತದೆ, ಬ್ರಷ್‌ನ ತುದಿಯಲ್ಲಿರುವ ಸಾಸಿವೆ ಕಾಳಿನಷ್ಟು ಬಣ್ಣವಂತೂ ಕಣ್ಣಿನ ಹತ್ತಿರ ಒಯ್ಯುವಷ್ಟರಲ್ಲಿ ಒಣಗಿರುತ್ತದೆ. ಒಣಗಿದ್ದನ್ನು ಒತ್ತುತ್ತೇವೆ, ಒತ್ತಿದಾಗ ಕೂದಲು ಅಗಲವಾಗಿ ಹರಡುತ್ತದೆ, ಕಣ್ಣು ಮುಖದ ಅರ್ಧ ಆಗುತ್ತದೆ. ನಡುಗಿದ್ದು ಕೈ ಎಂದು ಕೊರಗುತ್ತೇವೆ.

ಪರಿಹಾರ ತೇವದ ಪ್ಯಾಲೆಟ್. ಮುಚ್ಚಳ ಬಿಗಿಯಾದ ತಿಂಡಿ ಡಬ್ಬಿ, ಅದರಲ್ಲಿ ನಾಲ್ಕು ಮಡಿಕೆ ಟಿಶ್ಯೂ, ಟಿಶ್ಯೂ ತೋಯುವಷ್ಟು ನೀರು, ಮೇಲೆ ಕೇಕ್ ಬೇಯಿಸುವಾಗ ಹಾಸುವ ಕಾಗದ. ಮೇಣ ಲೇಪಿಸಿದ ಕಾಗದ ನೀರನ್ನು ಮೇಲೆ ಬಿಡುವುದಿಲ್ಲವಾದ್ದರಿಂದ ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ‘ಬಟರ್ ಪೇಪರ್’ ಎಂದು ಎರಡನ್ನೂ ಕೊಡುತ್ತಾರೆ, ಒಂದು ಹನಿ ನೀರಿಟ್ಟು ಪರೀಕ್ಷಿಸಿ ಕೊಳ್ಳಿ. ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಕರಾವಳಿಯಲ್ಲಿ ನಾಲ್ಕೇ ದಿನಕ್ಕೆ ಡಬ್ಬಿ ಬೂಷ್ಟು ಹಿಡಿಯುತ್ತದೆ ಎನ್ನುವವರು ತಾಮ್ರದ ತಂತಿಯ ಚೂರೊಂದನ್ನು ಟಿಶ್ಯೂ ಅಡಿಗೆ ಇಡಿ. ಫ್ಯಾನನ್ನು ಎರಡಕ್ಕೆ ಇಳಿಸಿ. ಇಷ್ಟಾದ ಮೇಲೂ ಕೈ ನಡುಗಿದರೆ ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ ಹಿಡಿದು ಹಚ್ಚಿ. ಆಗ ನಡುಗಿದರೂ ಗೊಂಬೆ, ಬ್ರಷ್ ಎರಡೂ ಒಟ್ಟಿಗೆ ನಡುಗುತ್ತವೆ.

ಬೇಸ್ ಮಾತ್ರ ಬಾಕಿ ಇದ್ದ ಎಂಟರಲ್ಲಿ ದೋಷವೇನೂ ಇರಲಿಲ್ಲ, ಮರಳು ತಂದಿರಲಿಲ್ಲ ಅಷ್ಟೇ. ಕಾಂಪೌಂಡಿನ ಮೂಲೆಯ ಕೆಂಪು ಮುರಕಲ್ಲಿನ ಪುಡಿಯನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದೆ. ಮಂಗಳ ಗ್ರಹದ ನೆಲದ ಬಣ್ಣ ಪುಕ್ಕಟೆ ಸಿಕ್ಕಿತು. ಒಂದು ಸಂಜೆಯ ಕೆಲಸ.

ಎರಡನೆಯ ತಪಾಸಣೆ: ಒಳಹರಿವು

ಇದುವರೆಗಿನದು ಪೈಪಿನ ಮಾತು. ಟ್ಯಾಂಕಿಗೆ ಎಷ್ಟು ಬರುತ್ತಿದೆ ಎಂದೂ ನೋಡಬೇಕು. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು ಸಾಧಿಸಿ ತೋರಿಸಿದ ಸರಳ ಸೂತ್ರವೊಂದು ಕಾರ್ಖಾನೆಗೂ ಬ್ಯಾಂಕಿನ ಸರತಿಗೂ ಅನ್ವಯಿಸುತ್ತದೆ: ಸಾಲಿನಲ್ಲಿ ಸರಾಸರಿ ಎಷ್ಟಿವೆಯೋ ಅದನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದೊಂದೂ ಕಾಯಬೇಕಾದ ಸರಾಸರಿ ಕಾಲ ಸಿಗುತ್ತದೆ. ತಿಂಗಳಿಗೆ ನಾಲ್ಕು ಬಂದು ನಾಲ್ಕು ಮುಗಿಯುತ್ತಿದ್ದರೆ, 118ರ ಸಾಲಿನಲ್ಲಿ ಇಂದು ಕೊಂಡ ಗೊಂಬೆ ಸರಾಸರಿ 29.5 ತಿಂಗಳು ಕಾಯಬೇಕು. ಪೆಟ್ಟಿಗೆ ಬಿಚ್ಚಿದ ದಿನದ ಹುರುಪು ಎರಡೂವರೆ ವರ್ಷ ಬಾಳುತ್ತದೆಯೇ?

ನಮ್ಮಲ್ಲಿ ಒಂದು ತೊಡಕಿದೆ. ಹೊರಗಿನಿಂದ ಬರುವ ಸರಕು, ಸುಂಕ ಸೇರಿ ದುಬಾರಿ. ಸಿಕ್ಕಾಗ ಕೊಳ್ಳದಿದ್ದರೆ ಮತ್ತೆ ಸಿಗುತ್ತದೆಂಬ ಭರವಸೆಯಿಲ್ಲ. ‘ಇನ್ನು ಕೊಳ್ಳುವುದಿಲ್ಲ’ ಎಂಬ ಪ್ರತಿಜ್ಞೆ ಆದ್ದರಿಂದ ನನ್ನ ಬಳಿ ಎರಡು ತಿಂಗಳು ದಾಟಿಲ್ಲ. ಕೊಳ್ಳುವುದಕ್ಕೆ ಮಿತಿ ಹಾಕುವ ಬದಲು ಬಿಚ್ಚುವುದಕ್ಕೆ ಹಾಕಿದೆ. ಮೇಜಿನ ಮೇಲೆ ಒಮ್ಮೆಗೆ ಐದು. ಐದೂ ವಾರ್ನಿಷ್ ಕಾಣುವವರೆಗೆ ಹೊಸ ಚೌಕಟ್ಟಿಗೆ ಕತ್ತರಿ ಹಾಕುವಂತಿಲ್ಲ. ಇಪ್ಪತ್ತನ್ನು ಒಟ್ಟಿಗೆ ಹಿಡಿದರೆ ವೇಗ ಹೆಚ್ಚು ಎನ್ನುತ್ತಾರೆ. ಕಾಗದದ ಮೇಲೆ ಸರಿ. ಹದಿನಾಲ್ಕನೆಯ ಬೆಲ್ಟಿಗೆ ಅದೇ ಕಂದು ಹಚ್ಚುವಾಗ ಮನುಷ್ಯ ಎದ್ದು ಹೋಗಿ ಟಿವಿ ಹಾಕುತ್ತಾನೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಎಷ್ಟಾದರೆ ಮುಗಿಯಿತು ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳಿ. ವಾರ್‌ಹ್ಯಾಮರ್ 40,000ದ ಈಚಿನ ಆವೃತ್ತಿಗಳಲ್ಲಿ ಇಡೀ ಸೈನ್ಯ ‘ಬ್ಯಾಟಲ್ ರೆಡಿ’ ಆಗಿದ್ದರೆ, ಅಂದರೆ ಮುಖ್ಯ ಭಾಗಗಳಿಗೆ ಬಣ್ಣ ಬಿದ್ದು ಬೇಸ್ ಮುಗಿದಿದ್ದರೆ, ಪಂದ್ಯದಲ್ಲಿ ಹತ್ತು ಅಂಕ ಸಿಗುತ್ತದೆ. ಕಾಲಾಳುಗಳಿಗೆ ಅಷ್ಟು ಸಾಕು. ಕಪ್ಪು ಪ್ರೈಮರ್ ಮೇಲೆ ಬೂದು, ಆಮೇಲೆ ಬಿಳಿ ಡ್ರೈಬ್ರಷ್ ಎಳೆದು (ಬಣ್ಣವನ್ನು ಬಹುಪಾಲು ಒರೆಸಿಬಿಟ್ಟ ಬ್ರಷ್‌ನಿಂದ ಉಬ್ಬುಗಳನ್ನಷ್ಟೇ ಸವರಿ), 2019ರಲ್ಲಿ ಬಂದ ಕಾಂಟ್ರಾಸ್ಟ್‌ನಂಥ ಪಾರದರ್ಶಕ ಬಣ್ಣ ಒಂದೇ ಪದರ ಹರಿಯಬಿಟ್ಟರೆ ನೆರಳು ಬೆಳಕು ತಾನಾಗಿ ಮೂಡುತ್ತದೆ. ಕೂದಲಿನೆಳೆಯ ಕೆಲಸವನ್ನು ಸೇನಾಪತಿಗೆ ಮೀಸಲಿಡಿ.

ಕತ್ತರಿಸದ 34ರಲ್ಲಿ ಹತ್ತನ್ನು ಕೈಗೆತ್ತಿಕೊಂಡಾಗ ಏಕೆ ಕೊಂಡೆ ಎಂಬುದೇ ಹೊಳೆಯಲಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಕೊಟ್ಟೆ. ಅವನು ಎರಡು ವಾರದಲ್ಲಿ ಹತ್ತನ್ನೂ ಮುಗಿಸಿದ. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮರು ಎಣಿಕೆ

ಗಡುವಿಲ್ಲದೆ ಇದೆಲ್ಲ ನಡೆಯದು. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಜ್ಜಿಯ ಪಟ್ಟದ ಗೊಂಬೆಗಳ ಕಿತ್ತುಹೋದ ಬಣ್ಣ ವರ್ಷವಿಡೀ ಹಾಗೆಯೇ ಇದ್ದು, ಮಹಾಲಯ ಅಮಾವಾಸ್ಯೆಯ ಹಿಂದಿನ ಎರಡು ದಿನಗಳಲ್ಲಿ ರಿಪೇರಿಯಾಗುತ್ತಿತ್ತು, ಏಕೆಂದರೆ ಪಾಡ್ಯದ ದಿನ ಅವುಗಳನ್ನು ಕೂರಿಸಲೇಬೇಕಿತ್ತು. ನನ್ನ ಗಡುವೂ ಅದೇ. ಅಮ್ಮನನ್ನು ಒಪ್ಪಿಸಿ ಕೆಳಗಿನ ಒಂದು ಮೆಟ್ಟಿಲು ಪಡೆದೆ. ಶೆಟ್ಟಿ ದಂಪತಿ ಗೊಂಬೆಗಳ ಅಂಗಡಿಯ ಪಕ್ಕದಲ್ಲೇ ಇಪ್ಪತ್ತು ಎಲುಬುಗೂಡು ನಿಲ್ಲುವುದಕ್ಕೆ ಅಮ್ಮನ ವಿರೋಧವಿತ್ತು, ಎರಡು ಸಾಲು ಹಿಂದೆ ನಿಲ್ಲಿಸುವ ಷರತ್ತಿಗೆ ಒಪ್ಪಿದರು.

ನವರಾತ್ರಿಯ ಪಾಡ್ಯದಂದು ಮತ್ತೆ ಎಣಿಸಿದೆ. ಮುಗಿದವು 37. ಕೊಟ್ಟವು 10. ನಡುವೆ ಕೊಂಡವು 3, ಒಪ್ಪಿಕೊಳ್ಳುತ್ತೇನೆ. ಉಳಿದ 74ರ ಹಂಚಿಕೆ: 27, 12, 30, 5, 0.

ಎರಡನೆಯ ಹಾಳೆ 41ರಿಂದ 12ಕ್ಕೆ ಇಳಿದಿದೆ. ಪ್ರೈಮರ್‌ನ ಬಾಗಿಲು ತೆರೆದುಕೊಂಡಿದೆ. ಆದರೆ ಮೂರನೆಯದು 6 ಇದ್ದದ್ದು 30 ಆಗಿದೆ, ಕಟ್ಟಿಕೊಂಡ ಜಾಗ ಒಂದು ಹೆಜ್ಜೆ ಮುಂದೆ ಸರಿದು ಬಣ್ಣದ ಮೇಜಿನ ಹತ್ತಿರ ಬಂದು ಕೂತಿದೆ. ಹೀಗಾಗಿ ದೀಪಾವಳಿಯವರೆಗೆ ಪ್ರೈಮರ್ ಬಾಟಲಿಗೆ ಮುಚ್ಚಳ. ಆ 30ರಲ್ಲಿ ಹತ್ತು, ಡೆಟಾಲ್‌ನಲ್ಲಿ ಮಿಂದು ಬಂದ ಹಳೆಯ ಗೊಂಬೆಗಳು. ಐದನ್ನು ಈಗಷ್ಟೇ ಔಷಧಿ ಬಾಟಲಿಯ ಮುಚ್ಚಳಗಳ ಮೇಲೆ ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದ್ದೇನೆ. ಫ್ಯಾನು ಎರಡರಲ್ಲಿದೆ.